35 ಇಂಚು ಯಾಕೆ ಬೇಕು ಗುರು?

ಪ್ರತಿ ವರ್ಷ ಫಾಲ್ ಸೆಮಿಸ್ಟರ್ ಶುರುವಾಗಿ ತಿಂಗಳಾಗೋದ್ರೊಳಗೆ ನಮ್ಮ ವಾಟ್ಸಾಪ್ ಗ್ರೂಪಿನಲ್ಲಿ ಒಂದು ಚರ್ಚೆ ತಪ್ಪದೆ ಬರುತ್ತೆ. ಯಾರೋ ಒಬ್ಬರು ಅಸಿಸ್ಟೆಂಟ್‌ಶಿಪ್ ದುಡ್ಡು ಕೂಡಿಟ್ಟು, ಹತ್ತು-ಹದಿನೈದು ವರ್ಷ ಹಳೆಯ 4ರನ್ನರನ್ನೋ ಜೀಪ್ ರ‍್ಯಾಂಗ್ಲರನ್ನೋ ನೋಡಿ ಬಂದಿರ್ತಾರೆ. ಫೋಟೋ ಬಿದ್ದ ಐದು ನಿಮಿಷಕ್ಕೆ ಸಲಹೆಗಳ ಮಳೆ. "ಲಿಫ್ಟ್ ಮಾಡ್ಸು ಮಗಾ." "35 ಹಾಕ್ಸು, ಲುಕ್ಕೇ ಬೇರೆ." "ಇಂಡಿಪೆಂಡೆಂಟ್ ಸಸ್ಪೆನ್ಷನ್ ಗಾಡಿ ಆಫ್‌ರೋಡಿಗೆ ಆಗಲ್ಲ, ಸಾಲಿಡ್ ಆಕ್ಸಲ್ ಇರೋದೇ ತಗೋ." ಮೆಕ್ಯಾನಿಕಲ್ ಓದಿದ ನನಗೆ ಈ ಮೂರೂ ಸಲಹೆಗಳ ಮೇಲೆ ತಕರಾರಿದೆ. ಸಾಲ್ಟ್ ಲೇಕ್‌ನಲ್ಲಿ ಓದುವ ವಿದ್ಯಾರ್ಥಿಯ ಗಾಡಿಗೆ ಕಂಪನಿ ಕೊಟ್ಟ ಅಳತೆಯ ಟೈರು, ಇಲ್ಲಾಂದ್ರೆ ಅದಕ್ಕಿಂತ ಒಂದು ಸೈಜ್ ದೊಡ್ಡದು ಸಾಕು. ಉಳಿದ ದುಡ್ಡು ಮುಂದಿನ ಸಸ್ಪೆನ್ಷನ್‌ನಲ್ಲಿ ಸವೆದಿರೋ ಭಾಗಗಳಿಗೆ ಹೋಗಬೇಕು ಅನ್ನೋದು ನನ್ನ ವಾದ.

ಮೊದಲು ಸಾಲಿಡ್ ಆಕ್ಸಲ್ ವಿಷಯ. ಇದರಲ್ಲಿ ಮುಂದಿನ ಎರಡೂ ಚಕ್ರಗಳು ಒಂದೇ ಗಟ್ಟಿ ಕೊಳವೆಯ ಎರಡು ತುದಿಗಳಲ್ಲಿರ್ತವೆ, ಒಂದೇ ನೊಗಕ್ಕೆ ಕಟ್ಟಿದ ಎತ್ತುಗಳ ಹಾಗೆ. ಒಂದು ಚಕ್ರ ಬಂಡೆ ಹತ್ತಿದರೆ ಆ ಕೊಳವೆ ವಾಲಿ ಇನ್ನೊಂದು ಚಕ್ರವನ್ನು ನೆಲಕ್ಕೆ ಒತ್ತುತ್ತೆ. ನಿಧಾನವಾಗಿ ಬಂಡೆ ಹತ್ತೋ ಕೆಲಸಕ್ಕೆ ಇದನ್ನ ಮೀರಿಸೋದು ಕಷ್ಟ, ಅದನ್ನ ಒಪ್ಪಲೇಬೇಕು. ಭಾಗಗಳು ಕಮ್ಮಿ, ರಿಪೇರಿ ಸುಲಭ. ಕೊಡಚಾದ್ರಿಗೆ ಜನರನ್ನ ಹೊತ್ತು ಹತ್ತೋ ಹಳೇ ಮಹೀಂದ್ರಾ ಜೀಪುಗಳನ್ನ ನೆನಪಿಸಿಕೊಳ್ಳಿ. ಮುಂದೆ ಸಾಲಿಡ್ ಆಕ್ಸಲ್, ಅದರ ಮೇಲೆ ಪಟ್ಟಿ ಪಟ್ಟಿ ಜೋಡಿಸಿದ ಲೀಫ್ ಸ್ಪ್ರಿಂಗ್. ಟೈರು ನೋಡಿದ್ರೆ ಬಡಕಲು! ಆದರೂ ಮಳೆಗಾಲದ ಆ ಕೊರಕಲಿನಲ್ಲಿ ಡ್ರೈವರಣ್ಣ ಒಂದು ಕೈಯಲ್ಲಿ ಸ್ಟೇರಿಂಗ್ ಹಿಡ್ಕೊಂಡು ಕಥೆ ಹೇಳ್ತಾ ಹತ್ತಿಸ್ತಾನೆ. ಯಾವ ಕಲ್ಲಿನ ಮೇಲೆ ಯಾವ ಚಕ್ರ ಇಡಬೇಕು ಅನ್ನೋದು ಅವನಿಗೆ ಬಾಯಿಪಾಠ.

ಇಂಡಿಪೆಂಡೆಂಟ್ ಸಸ್ಪೆನ್ಷನ್‌ನಲ್ಲಿ ಒಂದೊಂದು ಚಕ್ರಕ್ಕೂ ಅದರದ್ದೇ ಮೇಲಿನ ತೋಳು, ಕೆಳಗಿನ ತೋಳು. ಡಿಫರೆನ್ಷಿಯಲ್ ಗಾಡಿಯ ಚಾಸಿಗೇ ಬೋಲ್ಟ್ ಆಗಿರುತ್ತೆ, ಅಲ್ಲಿಂದ ಚಕ್ರಕ್ಕೆ ಸಿವಿ ಜಾಯಿಂಟ್ ಇರೋ ಶಾಫ್ಟ್. ಎಡ ಚಕ್ರ ಗುಂಡಿಗೆ ಬಿದ್ದ ಸುದ್ದಿ ಬಲ ಚಕ್ರಕ್ಕೆ ಅಷ್ಟಾಗಿ ಮುಟ್ಟಲ್ಲ. ಹೈವೇಯಲ್ಲಿ ಸ್ಟೇರಿಂಗ್ ನೆಟ್ಟಗಿರುತ್ತೆ, ಜಲ್ಲಿ ರಸ್ತೆಯಲ್ಲಿ ವೇಗವಾಗಿ ಹೋದರೂ ಟೈರು ನೆಲ ಬಿಡೋದು ಕಮ್ಮಿ. ಟೊಯೊಟಾ 4ರನ್ನರ್ 1986ರ ಮಾಡೆಲ್‌ನಲ್ಲೇ ಈ ಕಡೆ ಬಂತು. 1998ರಲ್ಲಿ ಲ್ಯಾಂಡ್ ಕ್ರೂಸರ್ 100 ಬಂತು, 2018ರಲ್ಲಿ ಮರ್ಸಿಡಿಸ್ ಜಿ-ಕ್ಲಾಸ್, ಆಮೇಲೆ ಹೊಸ ಡಿಫೆಂಡರ್, ಹೊಸ ಬ್ರಾಂಕೊ. ನಮ್ಮ ಮಹೀಂದ್ರಾ ಥಾರ್ ಕೂಡ ಈಗ ಮುಂದೆ ಇಂಡಿಪೆಂಡೆಂಟೇ. ಇಷ್ಟು ಕಂಪನಿಗಳ ಎಂಜಿನಿಯರುಗಳು ದಡ್ಡರೇನಲ್ಲ. ರ‍್ಯಾಂಗ್ಲರ್, ಸುಜುಕಿ ಜಿಮ್ನಿ, ಲ್ಯಾಂಡ್ ಕ್ರೂಸರ್ 70 ಇನ್ನೂ ಸಾಲಿಡ್ ಆಕ್ಸಲ್‌ನಲ್ಲಿವೆ. ಅವರೂ ದಡ್ಡರಲ್ಲ, ಅವರು ಕೇಳಿಕೊಂಡ ಪ್ರಶ್ನೆ ಬೇರೆ.

ನಮ್ಮ ಪ್ರಶ್ನೆ ಏನು? ಇಲ್ಲಿಂದ ಮೋಆಬ್‌ಗೆ ಸುಮಾರು 235 ಮೈಲಿ, ಅಷ್ಟೂ ಡಾಂಬರು. ವರ್ಷಕ್ಕೆ ಎರಡು ಸಲ, ನಾಲ್ಕು ಜನ ರೂಮ್‌ಮೇಟ್ಸ್, ಟೆಂಟು, ಕುಕ್ಕರು, ನೀರಿನ ಕ್ಯಾನು. ಉಳಿದ ದಿನ ಇದೇ ಗಾಡಿ ಲ್ಯಾಬಿಗೂ ಕಾಸ್ಟ್ಕೋಗೂ ಹೋಗುತ್ತೆ. ಕ್ಯಾನಿಯನ್‌ಲ್ಯಾಂಡ್ಸ್‌ನ ನೂರು ಮೈಲಿಯ ವೈಟ್ ರಿಮ್ ದಾರಿಗೆ ಬೇಕಾಗೋದು ನೆಲದಿಂದ ಎತ್ತರ ಇರೋ, ಲೋ ರೇಂಜ್ ಇರೋ ಫೋರ್ ವೀಲ್ ಡ್ರೈವ್. ಕಂಪನಿಯಿಂದ ಬಂದ ಸ್ಥಿತಿಯ ಫೋರ್ ವೀಲ್ ಡ್ರೈವ್ 4ರನ್ನರಿಗೆ ಅದು ಹೊಸದಲ್ಲ. ಹೆಲ್ಸ್ ರಿವೆಂಜ್ ಥರದ ಬಂಡೆ ದಾರಿಯೇ ನಿಮ್ಮ ವಾರಾಂತ್ಯ ಅಂದ್ರೆ ಸಾಲಿಡ್ ಆಕ್ಸಲ್ ತಗೊಳ್ಳಿ, ನನ್ನದೇನೂ ಅಡ್ಡಿಯಿಲ್ಲ.

ಈಗ ಟೈರಿನ ಲೆಕ್ಕ. 2010ರ ನಂತರದ 4ರನ್ನರಿನಲ್ಲಿ 17 ಇಂಚಿನ ರಿಮ್ ಇದ್ದರೆ ಅದರ ಟೈರು 265/70 ಆರ್ 17. ಅಗಲ 265 ಮಿ.ಮೀ., ಪಕ್ಕದ ಗೋಡೆಯ ಎತ್ತರ ಅದರ ಶೇ. 70. ಕೂಡಿಸಿ ಕಳೆದರೆ ಒಟ್ಟು ವ್ಯಾಸ ಸುಮಾರು 803 ಮಿ.ಮೀ., ಅಂದ್ರೆ 31.6 ಇಂಚು. ಗೆಳೆಯರು "35" ಅನ್ನೋ 315/70 ಆರ್ 17 ಲೆಕ್ಕದಲ್ಲಿ ಸುಮಾರು 873 ಮಿ.ಮೀ. ವ್ಯತ್ಯಾಸ 70 ಮಿ.ಮೀ. ಆದರೆ ಗಾಡಿ ಮೇಲೇಳೋದು ಅದರ ಅರ್ಧ ಮಾತ್ರ, 35 ಮಿ.ಮೀ. ಒಂದೂವರೆ ಇಂಚೂ ಇಲ್ಲ! ಅದಕ್ಕೆ ತೆರೋ ಬೆಲೆ ನೋಡಿ: ಒಂದು ಸುತ್ತಿಗೆ ಗಾಡಿ ಶೇ. 8.7 ಹೆಚ್ಚು ದೂರ ಹೋಗುತ್ತೆ. ಹಿಂದೆ ಮೀಟರ್ ಸರಿಯಿತ್ತು ಅಂತಿಟ್ಕೊಂಡ್ರೆ, ಈಗ ಅದು 70 ತೋರಿಸುವಾಗ ನೀವು 76ರಲ್ಲಿರ್ತೀರಿ. ಎಂಜಿನ್ನಿನ ಎಳೆತವೂ ಬ್ರೇಕಿನ ಹಿಡಿತವೂ ನೆಲಕ್ಕೆ ತಲುಪೋದು ಅಷ್ಟೇ ಪ್ರಮಾಣದಲ್ಲಿ ಕಮ್ಮಿ. ಮಧ್ಯದ 285/70 ಆರ್ 17 ತಗೊಂಡ್ರೆ ಸಿಗೋದು 14 ಮಿ.ಮೀ.; ಅದಕ್ಕೇ ಒಂದು ಸೈಜ್‌ಗಿಂತ ಮೇಲೆ ಬೇಡ ಅನ್ನೋದು.

ದೊಡ್ಡ ಟೈರು ಕೂರಲ್ಲ, ಅದಕ್ಕೆ ಲಿಫ್ಟ್ ಬೇಕು ಅಂತಾರೆ. ನಿಜವಾಗಿ ಟೈರು ತಾಗೋದು ಎಲ್ಲಿ ಗೊತ್ತಾ? ಸ್ಟೇರಿಂಗ್ ಪೂರ್ತಿ ತಿರುಗಿಸಿ ರಿವರ್ಸ್ ತೆಗೆಯುವಾಗ ಮಡ್‌ಗಾರ್ಡ್ ಒಳಗಿನ ಪ್ಲಾಸ್ಟಿಕ್ಕಿಗೆ, ಚಕ್ರದ ಹಿಂದೆ ಬಾಡಿಯನ್ನ ಚಾಸಿಗೆ ಕೂರಿಸಿರೋ ಜಾಗಕ್ಕೆ, ಅಗಲ ಜಾಸ್ತಿಯಾದ್ರೆ ಮೇಲಿನ ತೋಳಿಗೆ. ತೋಳಿಗೆ ತಾಗದಿರಲಿ ಅಂತ ಟೈರನ್ನ ಹೊರಗೆ ತಳ್ಳೋ ರಿಮ್ ಹಾಕ್ತಾರೆ. ಆಗ ತಿರುಗುವಾಗ ಅದು ಇನ್ನೂ ದೊಡ್ಡ ಕಮಾನು ಹೊಡೆದು ಬಾಡಿಗೆ ತಾಗುತ್ತೆ, ಸ್ಟೇರಿಂಗ್ ಜಾಯಿಂಟಿಗೂ ಬೇರಿಂಗಿಗೂ ಹೊರೆ ಹೆಚ್ಚುತ್ತೆ. ಕೊನೆಗೆ ಗ್ರೈಂಡರ್ ಹಿಡಿದು ಲೋಹ ಕತ್ತರಿಸಬೇಕು. ಇನ್ನು ಅಗ್ಗದ ಲಿಫ್ಟ್ ಅಂದ್ರೆ ಸ್ಪ್ರಿಂಗ್ ಜೋಡಣೆಯ ಮೇಲೆ ಒಂದು ಸ್ಪೇಸರ್ ಬಿಲ್ಲೆ, ಅಷ್ಟೇ. ಗಾಡಿ ಎತ್ತರ ಕಾಣುತ್ತೆ, ಚಕ್ರದ ಓಡಾಟ ಬೆಳೆಯಲ್ಲ. ನಿಂತಲ್ಲೇ ತೋಳುಗಳು ಕೆಳಗೆ ಜೋತಿರೋದ್ರಿಂದ ಗುಂಡಿ ಬಂದಾಗ ಚಕ್ರ ಕೆಳಗಿಳಿಯೋಕೆ ಜಾಗ ಉಳಿಯಲ್ಲ. ಸಿವಿ ಜಾಯಿಂಟ್ ಚೂಪು ಕೋನದಲ್ಲೇ ದಿನಾ ತಿರುಗುತ್ತೆ, ರಬ್ಬರ್ ಬೂಟು ಹರಿಯುತ್ತೆ, ಗ್ರೀಸು ಹೊರಗೆ, ಧೂಳು ಒಳಗೆ.

ಸಾಲಿಡ್ ಆಕ್ಸಲ್‌ನವರೂ ನಗಬೇಕಿಲ್ಲ. ನಿಮ್ಮ ಡಿಫರೆನ್ಷಿಯಲ್ ಆಕ್ಸಲ್ಲಿನಲ್ಲೇ ಇದೆ. ನಾಲ್ಕು ಇಂಚು ಲಿಫ್ಟ್ ಮಾಡಿದರೂ ಅದು ನೆಲದಿಂದ ಒಂದು ಕೂದಲಷ್ಟೂ ಮೇಲೇಳಲ್ಲ, ಟೈರು ದೊಡ್ಡದಾದ್ರೆ ಮಾತ್ರ ಏಳುತ್ತೆ. ಜೊತೆಗೆ ಸವೆದ ಟ್ರ್ಯಾಕ್ ಬಾರ್ ಬುಷ್, ಬಾಲ್ ಜಾಯಿಂಟ್ ಇರೋ ಹಳೇ ರ‍್ಯಾಂಗ್ಲರಿಗೆ ಭಾರದ ಟೈರು ಹಾಕಿದರೆ, ಹೈವೇಯಲ್ಲಿ ಒಂದು ಸಣ್ಣ ಉಬ್ಬು ಸಾಕು, ಮುಂಭಾಗವಿಡೀ ನಡುಗೋಕೆ ಶುರುವಾಗುತ್ತೆ. ಅಮೆರಿಕದವರು ಅದಕ್ಕೆ ಇಟ್ಟ ಹೆಸರು 'ಡೆತ್ ವಾಬಲ್'. ವೇಗ ಇಳಿಸೋ ತನಕ ನಿಲ್ಲಲ್ಲ.

ಎಸ್‌ಯುವಿ ಟೈರು ಬರೀ ಲುಕ್ಕಿನ ವಿಷಯ ಅಲ್ಲ ಅಂತ ಈ ದೇಶ ದುಬಾರಿ ಬೆಲೆ ಕೊಟ್ಟು ಕಲಿತಿದೆ. 2000ದ ಆಗಸ್ಟ್‌ನಲ್ಲಿ ಫೈರ್‌ಸ್ಟೋನ್ ಸುಮಾರು 65 ಲಕ್ಷ ಟೈರುಗಳನ್ನ ವಾಪಸ್ ಕರೆಸಿತು. ಬಹುಪಾಲು ಫೋರ್ಡ್ ಎಕ್ಸ್‌ಪ್ಲೋರರಿನವು. ಓಡ್ತಾ ಇರುವಾಗಲೇ ಟೈರಿನ ಮೇಲ್ಪದರ ಸಿಪ್ಪೆ ಥರ ಬಿಚ್ಚಿಕೊಂಡು ಗಾಡಿಗಳು ಉರುಳಿದ್ವು. ಸರ್ಕಾರದ ಲೆಕ್ಕದಲ್ಲೇ 271 ಸಾವು. ಆ ಟೈರುಗಳಿಗೆ ಫೋರ್ಡ್ ಹೇಳಿದ್ದ ಗಾಳಿ 26 ಪಿಎಸ್‌ಐ. ತಪ್ಪು ಯಾರದ್ದು ಅಂತ ಎರಡು ಕಂಪನಿಗಳೂ ಕಿತ್ತಾಡಿದ್ವು. ಕಮ್ಮಿ ಗಾಳಿ, ಹೆಚ್ಚು ಭಾರ, ಬಿಸಿ ರಸ್ತೆ, ವೇಗ ಸೇರಿದರೆ ಟೈರಿಗೆ ಏನಾಗುತ್ತೆ ಅನ್ನೋದರಲ್ಲಿ ಮಾತ್ರ ಜಗಳ ಇರಲಿಲ್ಲ. ಡ್ಯಾಶ್‌ಬೋರ್ಡಿನಲ್ಲಿ ಗಾಳಿ ಕಮ್ಮಿಯಾದಾಗ ಹತ್ತೋ ಹಳದಿ ದೀಪ ಕಡ್ಡಾಯವಾಗಿದ್ದು ಆ ಪ್ರಕರಣದ ನಂತರದ ಕಾನೂನಿಂದಲೇ. ಹೊಸ ರಿಮ್ ಹಾಕಿಸುವಾಗ ಸೆನ್ಸರ್ ಉಳಿಸಿ, ಹತ್ತಿದ ದೀಪಕ್ಕೆ ಕಪ್ಪು ಟೇಪ್ ಅಂಟಿಸೋ ಬುದ್ಧಿವಂತರಿಗೆ ಏನು ಹೇಳೋಣ!

ಮಣ್ಣಿನಲ್ಲಿ ಹಿಡಿತ ಬೇಕಾದ್ರೆ ಅದು ಗಾಳಿಯಲ್ಲಿದೆ. ಮರಳು, ಕಲ್ಲು ಶುರುವಾಗೋ ಕಡೆ 35 ಪಿಎಸ್‌ಐ ಇರೋ ಟೈರನ್ನ 20ರ ಆಸುಪಾಸಿಗೆ ಇಳಿಸಿ. ನೆಲ ಮುಟ್ಟೋ ಭಾಗ ಉದ್ದವಾಗುತ್ತೆ, ಕಲ್ಲಿನ ಮೇಲೆ ಟೈರು ಮಡಚಿ ಕೂರುತ್ತೆ, ಬೆನ್ನಿಗೂ ಸುಖ. 15ಕ್ಕಿಂತ ಕೆಳಗೆ ಬೇಡ, ಟೈರಿನ ಅಂಚು ರಿಮ್ ಬಿಟ್ಟು ಕಳಚಬಹುದು. ಡಾಂಬರಿಗೆ ವಾಪಸ್ ಬಂದ ಕೂಡಲೇ ಮತ್ತೆ ತುಂಬಿಸಬೇಕು, ಅದಕ್ಕೆ ಬ್ಯಾಟರಿಗೆ ಸಿಕ್ಕಿಸೋ ಸಣ್ಣ ಕಂಪ್ರೆಸರ್ ಸಾಕು.

ಇನ್ನು ಗಾಡಿ ನೋಡೋಕೆ ಹೋಗೋರಿಗೆ. ಸ್ಟೇರಿಂಗನ್ನ ಎರಡೂ ಕಡೆ ಪೂರ್ತಿ ತಿರುಗಿಸಿ, ಮಡ್‌ಗಾರ್ಡ್ ಒಳಗೆ ಫೋನಿನ ಟಾರ್ಚ್ ಹಾಕಿ ಟೈರು ಉಜ್ಜಿದ ಗುರುತು ಹುಡುಕಿ. ಕೆಳಗೆ ಬಗ್ಗಿ ಸಿವಿ ಬೂಟಿನಿಂದ ಗ್ರೀಸು ಚಿಮ್ಮಿದೆಯಾ ನೋಡಿ. ಕೊನೆಗೆ ಟೈರಿನ ಪಕ್ಕದಲ್ಲಿ 'ಡಾಟ್' ಅಂತ ಶುರುವಾಗೋ ಸಾಲಿನ ಕೊನೆಯ ನಾಲ್ಕು ಅಂಕಿ ಓದಿ. 2314 ಅಂತಿದ್ರೆ 2014ರ 23ನೇ ವಾರ ತಯಾರಾದದ್ದು. ಪಟ್ಟೆಗಳು ಎಷ್ಟೇ ಆಳವಾಗಿ ಕಂಡರೂ ಸ್ಪೇರ್ ಸೇರಿಸಿ ಐದು ಹೊಸ ಟೈರಿನ ದುಡ್ಡನ್ನ ಬೆಲೆಯಲ್ಲಿ ಇಳಿಸಿ ಅಂತ ಕೇಳಿ.