‘ಇಂಗ್ಲಿಷ್ ತಪ್ಪುಗಳ’ ಫಾರ್ವರ್ಡ್: ಯಾವುದು ನಿಜಕ್ಕೂ ತಪ್ಪು, ಯಾವುದು ಅಲ್ಲ?

‘ಭಾರತೀಯರು ಮಾಡುವ ಇಂಗ್ಲಿಷ್ ತಪ್ಪುಗಳು’ ಎಂಬಂಥ ಪಟ್ಟಿ ನಿಮ್ಮ ವಾಟ್ಸಾಪ್ ಗುಂಪಿಗೂ ಬಂದಿರಬಹುದು. ಓದಿ ನಕ್ಕು ಮುಂದಕ್ಕೆ ಕಳಿಸುವವರಿಗೆ ಅದು ತಮಾಷೆ. ಆದರೆ ಯಲಹಂಕ–ದೊಡ್ಡಬಳ್ಳಾಪುರ ರಸ್ತೆಯ ರಾಜಾನುಕುಂಟೆಯಂಥ ಊರಿನಲ್ಲಿ ಕನ್ನಡ ಮಾಧ್ಯಮದಲ್ಲಿ ಓದಿ, ಈಗ ಕೆಲಸದ ಇಂಟರ್‌ವ್ಯೂಗೆ ತಯಾರಾಗುತ್ತಿರುವ ಹುಡುಗ ಹುಡುಗಿಯರಿಗೆ ಅದು ಬಾಯಿ ಕಟ್ಟಿಸುವ ಪಟ್ಟಿ. ಅದರಲ್ಲಿರುವುದೆಲ್ಲ ಒಂದೇ ತೂಕದ ತಪ್ಪಲ್ಲ. ಕೆಲವಂತೂ ತಪ್ಪೇ ಅಲ್ಲ.

ನಿಜಕ್ಕೂ ತಿದ್ದಿಕೊಳ್ಳಬೇಕಾದದ್ದು ‘ಐ ಆಮ್ ಬೋರಿಂಗ್’. ಕನ್ನಡದಲ್ಲಿ ಬೇಜಾರು ‘ನನಗೆ’ ಆಗುತ್ತದೆ. ಇಂಗ್ಲಿಷ್‌ನಲ್ಲಿ ವಾಕ್ಯ ‘ನಾನು’ ಎಂದು ಶುರುವಾಗಿ, ಮುಂದೆ ಗುಣವಾಚಕದ ಎರಡು ರೂಪಗಳಲ್ಲಿ ಒಂದನ್ನು ಆರಿಸಬೇಕಾಗುತ್ತದೆ. ಬೇಜಾರು ತರಿಸುವುದು ‘ಬೋರಿಂಗ್’, ಬೇಜಾರಾದವರು ‘ಬೋರ್ಡ್’. ಹಾಗಾಗಿ ‘ಐ ಆಮ್ ಬೋರಿಂಗ್’ ಎಂದರೆ ‘ನಾನು ಬೇಜಾರು ಹುಟ್ಟಿಸುವ ಆಸಾಮಿ’ ಎಂದರ್ಥ! ಇಂಟರ್‌ವ್ಯೂನಲ್ಲಿ ‘ಐ ಆಮ್ ಇಂಟರೆಸ್ಟೆಡ್’ ಎನ್ನುವ ಕಡೆ ‘ಇಂಟರೆಸ್ಟಿಂಗ್’ ಎಂದರೂ ಇದೇ ಎಡವಟ್ಟು.

ಹೋಲಿಕೆಯದು ಇನ್ನೊಂದು ಬಗೆ. ‘ಯಲಹಂಕಕ್ಕಿಂತ ರಾಜಾನುಕುಂಟೆ ಚಿಕ್ಕದು’ ಎನ್ನುವಾಗ ಕೆಲಸವೆಲ್ಲ ‘ಗಿಂತ’ದ್ದೇ, ‘ಚಿಕ್ಕ’ ಬದಲಾಗುವುದಿಲ್ಲ. ಇಂಗ್ಲಿಷ್‌ನಲ್ಲಿ ‘ದ್ಯಾನ್’ ಬಂದರೂ ಸಾಲದು, ‘ಸ್ಮಾಲ್’ ಕೂಡ ‘ಸ್ಮಾಲರ್’ ಆಗಬೇಕು. ಉದ್ದ ಪದಕ್ಕೆ ಹಿಂದೆ ‘ಮೋರ್’ ಸಾಕು. ಎರಡನ್ನೂ ಸೇರಿಸಿದರೆ ‘ಮೋರ್ ಬೆಟರ್’. ಶೇಕ್ಸ್‌ಪಿಯರ್ ನಾಟಕಗಳಲ್ಲಿ ಇಂಥ ಜೋಡಿ ರೂಪಗಳಿವೆ, ಇಂದಿನ ಇಂಗ್ಲಿಷ್‌ನಲ್ಲಿ ಮಾತ್ರ ನಡೆಯುವುದಿಲ್ಲ. ‘ಸೀನಿಯರ್’, ‘ಜೂನಿಯರ್’, ‘ಸುಪೀರಿಯರ್’ ಲ್ಯಾಟಿನ್‌ನಿಂದ ಬಂದ ಹೋಲಿಕೆಯ ಪದಗಳು. ಅವಕ್ಕೆ ‘ದ್ಯಾನ್’ ಅಲ್ಲ, ‘ಟು’.

ಇನ್ನು ಪ್ರಿಪೊಸಿಷನ್. ರಾಜಾನುಕುಂಟೆಯಲ್ಲಿ, ಬಸ್ ಸ್ಟಾಪಿನಲ್ಲಿ, ಬಸ್ಸಿನಲ್ಲಿ, ಆಟೋದಲ್ಲಿ: ನಮಗೆ ಎಲ್ಲಕ್ಕೂ ಒಂದೇ ‘ಅಲ್ಲಿ’. ಇಂಗ್ಲಿಷ್‌ನಲ್ಲಿ ಊರಿಗೆ ‘ಇನ್’, ಸ್ಟಾಪಿಗೆ ‘ಅಟ್’, ಹತ್ತಿ ಓಡಾಡಬಹುದಾದ ಬಸ್ಸಿಗೆ ‘ಆನ್’, ಕೂತೇ ಇರಬೇಕಾದ ಆಟೋಗೆ ‘ಇನ್’. ‘ಜೊತೆ ಮದುವೆ’ಯಿಂದ ‘ಮ್ಯಾರೀಡ್ ವಿತ್’ ಹುಟ್ಟಿತು, ಬೇಕಾದದ್ದು ‘ಟು’. ‘ಬಗ್ಗೆ ಚರ್ಚಿಸು’ವಿನಿಂದ ‘ಡಿಸ್ಕಸ್ ಅಬೌಟ್’ ಬಂತು, ಅಲ್ಲಿ ‘ಅಬೌಟ್’ ಬೇಡ. ಅರ್ಜಿಯಲ್ಲಿ ಇವನ್ನು ಸರಿಯಾಗಿ ಬರೆಯುವುದು ಒಳ್ಳೆಯದು. ಮಾತಿನಲ್ಲಿ ತಪ್ಪಿದರೆ ಯಾರಿಗೂ ಅರ್ಥ ಕೆಡುವುದಿಲ್ಲ. ಅದಕ್ಕೆ ಕಾರಣ ದಡ್ಡತನವೂ ಅಲ್ಲ, ನಮ್ಮ ವಿಭಕ್ತಿ ಪ್ರತ್ಯಯಗಳು.

ಕೆಲವು ಫಾರ್ವರ್ಡ್‌ಗಳು ತಾವೇ ತಪ್ಪು ಹೇಳುತ್ತವೆ. ‘ಡಿಫರೆಂಟ್ ಫ್ರಮ್’ ಎಲ್ಲ ಕಡೆ ಸಲ್ಲುತ್ತದೆ ನಿಜ, ಆದರೆ ಬ್ರಿಟನ್ನಿನಲ್ಲಿ ‘ಡಿಫರೆಂಟ್ ಟು’, ಅಮೆರಿಕದಲ್ಲಿ ‘ಡಿಫರೆಂಟ್ ದ್ಯಾನ್’ ಕೂಡ ಬಳಕೆಯಲ್ಲಿವೆ. ವಾಕ್ಯದ ಕೊನೆಯಲ್ಲಿ ಪ್ರಿಪೊಸಿಷನ್ ಬರಲೇಬಾರದು ಎಂಬುದೂ ಹಳೆಯ ನಂಬಿಕೆ. ಕವಿ ಜಾನ್ ಡ್ರೈಡನ್ 1672ರಲ್ಲಿ ಬೆನ್ ಜಾನ್ಸನ್ ಬರಹದಲ್ಲಿ ಅದನ್ನು ದೋಷವೆಂದು ಎತ್ತಿ ತೋರಿಸಿದ್ದ. ಇಂಗ್ಲಿಷ್ ಮಾತನಾಡುವ ಜನ ಅದಕ್ಕೆ ತಲೆಕೆಡಿಸಿಕೊಂಡದ್ದು ಕಡಿಮೆ. (ಅಂದಹಾಗೆ, ಅಂಥ ಪದವೇ ಇಲ್ಲ ಎಂದು ಹೀಯಾಳಿಸುವ ‘ಪ್ರಿಪೋನ್’ ಆಕ್ಸ್‌ಫರ್ಡ್ ನಿಘಂಟಿನಲ್ಲಿದೆ.)

ಯಾವ ಗುಣವಾಚಕಕ್ಕೆ ಯಾವ ಪ್ರಿಪೊಸಿಷನ್ ಎಂಬುದಕ್ಕೆ ಒಂದೇ ಸೂತ್ರವಿಲ್ಲ: ‘ಗುಡ್ ಅಟ್’, ‘ಅಫ್ರೇಡ್ ಆಫ್’, ‘ಮ್ಯಾರೀಡ್ ಟು’ ಎಂದು ಜೋಡಿಯಾಗಿಯೇ ಕಲಿಯಬೇಕು. ಕೇಂಬ್ರಿಡ್ಜ್, ಆಕ್ಸ್‌ಫರ್ಡ್‌ನವರ ಕಲಿಯುವವರ ನಿಘಂಟುಗಳು ಆನ್‌ಲೈನ್‌ನಲ್ಲಿ ಉಚಿತ. ಮುಂದಿನ ಸಲ ಪಟ್ಟಿ ಬಂದಾಗ ಒಂದು ಪದವನ್ನು ಅಲ್ಲಿ ಹುಡುಕಿ, ಕೊಟ್ಟಿರುವ ಉದಾಹರಣೆ ವಾಕ್ಯ ಓದಿ. ಆಮೇಲೆ ಫಾರ್ವರ್ಡ್ ಮಾಡುವುದೋ ಬಿಡುವುದೋ ನೋಡಿ.