ಸಿಪಾಯಿಗೆ ಮಂತ್ರ ಕೊಡೋದಾದ್ರೆ

ನನ್ನ ತಂಗಿ ಮಗ ಬೇಸಿಗೆ ರಜಕ್ಕೆ ಇಬ್ಬರು ಗೆಳೆಯರನ್ನ ಕರ್ಕೊಂಡು ನಮ್ಮೂರಿಗೆ ಬಂದಿದ್ದ. ಪಡಸಾಲೇಲಿ ಕೂತ್ಕೊಂಡು ಅದೇನೋ ಕತೆ ಆಟ ಆಡೋರು. ಒಬ್ಬ ಮಂತ್ರವಾದಿ, ಒಬ್ಬ ಕಳ್ಳ, ಒಬ್ಬ ಸಿಪಾಯಿ. ದಾಳ ಬಿದ್ದಂಗೆ ಕತೆ ಮುಂದಕ್ಕೆ ಹೋಗ್ತೈತೆ. ನಾನು ಅಲ್ಲೇ ಹುಣಸೆಹಣ್ಣಿನ ಬೀಜ ತೆಗೀತಾ ಇದ್ದೆ.

ಜಗಳ ಎದ್ದಿದ್ದು ಸಿಪಾಯಿ ವಿಷಯಕ್ಕೆ. ಅವನಿಗೂ ಮಂತ್ರ ಬೇಕು ಅಂತ ಒಬ್ಬ. ಅವನೂ ಬೆಂಕಿ ಉಗುಳಿದ್ರೆ ಮಂತ್ರವಾದಿಗೂ ಅವನಿಗೂ ಏನು ವ್ಯತ್ಯಾಸ ಅಂತ ಇನ್ನೊಬ್ಬ. "ದೊಡ್ಡಮ್ಮ, ನೀನೇ ನ್ಯಾಯ ಹೇಳು" ಅಂದ ನಮ್ಮ ಹುಡುಗ.

ಕೊಡ್ರಪ್ಪ, ಆದ್ರೆ ವಾಪಸ್ ಕರೆಯೋಕೆ ಬಂದೋನಿಗೆ ಮಾತ್ರ ಕೊಡಿ ಅಂದೆ.

ಮಹಾಭಾರತದ ಕೊನೇಲಿ ಅಶ್ವತ್ಥಾಮ ಒಂದು ಹುಲ್ಲುಕಡ್ಡಿಗೇ ಮಂತ್ರ ಹಾಕಿ ಬ್ರಹ್ಮಾಸ್ತ್ರ ಬಿಟ್ಟ. ಅರ್ಜುನನೂ ಬಿಟ್ಟ. ಲೋಕವೇ ಸುಟ್ಟೋಗ್ತೈತೆ ಅಂತ ವ್ಯಾಸರು, ನಾರದರು ನಡುವೆ ಬಂದು ನಿಂತ್ರು. ಇಬ್ಬರಿಗೂ ಕಲಿಸಿದ ಗುರು ದ್ರೋಣರೇ. ಆದ್ರೆ ವ್ರತ ನಿಯಮದಲ್ಲಿದ್ದ ಅರ್ಜುನ ತನ್ನ ಅಸ್ತ್ರ ವಾಪಸ್ ತಗೊಂಡ. ಅಶ್ವತ್ಥಾಮನ ಕೈಲಿ ಆಗ್ಲಿಲ್ಲ. ಅವನ ಅಸ್ತ್ರ ಹೋಗಿ ಬಿದ್ದಿದ್ದು ಎಲ್ಲಿಗೆ? ಉತ್ತರೆಯ ಹೊಟ್ಟೆಯೊಳಗಿನ ಕೂಸಿನ ಮೇಲೆ. ಕೃಷ್ಣ ಇದ್ದ, ಪರೀಕ್ಷಿತ ಉಳ್ಕೊಂಡ. ನೋಡ್ರಮ್ಮ, ಗಂಡಸರ ಹತೋಟಿ ತಪ್ಪಿದ ಸಿಟ್ಟು ಕೊನೆಗೆ ಬಂದು ತಾಗೋದು ಬಸುರಿ ಹೆಂಗಸಿಗೆ. ಅದಕ್ಕೇ ನಾನು ಬಿಡೋಕೆ ಬಂದ್ರೆ ಸಾಲದು ಅಂತೀನಿ.

ಎರಡನೇದು, ಸಿಪಾಯಿ ಮಂತ್ರ ಅವನೊಬ್ಬನದಾಗಬಾರದು, ಸಾಲಿನದಾಗಬೇಕು. ಕೋಲಾಟದಲ್ಲಿ ಒಬ್ಬಳ ಕೋಲು ತಪ್ಪಿದ್ರೆ ಇಡೀ ಸುತ್ತೇ ಕೆಡುತ್ತಲ್ಲ, ಹಂಗೆ. ಎಲ್ಲರೂ ಹೆಗಲಿಗೆ ಹೆಗಲು ಕೊಟ್ಟು ನಿಂತಾಗ ಮಾತ್ರ ಗುರಾಣಿಗೆ ಮಂತ್ರ ಹತ್ತಬೇಕು. ಒಬ್ಬ ಹೆದರಿ ಓಡಿದ್ರೆ ಎಲ್ಲರದ್ದೂ ಇಳೀಬೇಕು. ಆವಾಗ ಶಿಸ್ತಿಗೂ ಒಂದು ಬೆಲೆ ಬರ್ತೈತೆ.

ಮೂರನೇದು ನಮ್ಮ ದುರ್ಗದ್ದೇ. ಓಬವ್ವ ಕಹಳೆ ಊದೋನ ಹೆಂಡ್ತಿ. ಗಂಡ ಉಣ್ಣೋಕೆ ಕೂತಿದ್ದ, ಇವಳು ನೀರಿಗೆ ಹೋದಳು, ಕಿಂಡೀಲಿ ಹೈದರಾಲಿ ಕಡೆಯೋರು ನುಸುಳ್ತಿದ್ದದ್ದು ಕಣ್ಣಿಗೆ ಬಿತ್ತು. ಅವಳಿಗೆ ಯಾರೂ ಮಂತ್ರ ಕೊಟ್ಟಿರಲಿಲ್ಲ. ದಿನಾ ಕುಟ್ಟಿ ಕುಟ್ಟಿ ಪಳಗಿದ ಕೈಗೆ ಒನಕೆ ಸಿಕ್ತು, ಅಷ್ಟೇ. 1779ರಲ್ಲಿ ಕೋಟೆ ಹೈದರಾಲಿ ಪಾಲಾಯ್ತು, ಆದ್ರೂ ಆ ಕಿಂಡಿಗೆ ಇವತ್ತಿಗೂ ಅವಳದೇ ಹೆಸರು. ಸಿಪಾಯಿ ಮಂತ್ರವೂ ಹಂಗೇ ಇರ್ಲಿ, ಪಳಗಿದ ಕೈಗೆ ಒಂದಿಷ್ಟು ಬಲ ಕೂಡಿಸೋವಂಥದ್ದು. ಪಹರೆ ಕಾಯದೋನಿಗೆ, ಅಭ್ಯಾಸ ಮಾಡದೋನಿಗೆ ಆ ಮಂತ್ರ ಬಾಯಿಗೇ ಬರಬಾರದು.

ಹುಡುಗರು ಮೂರನ್ನೂ ಬರ್ಕೊಂಡ್ರು. ಸಾಯಂಕಾಲ ಆಟದಲ್ಲಿ ನಮ್ಮ ಹುಡುಗನ ಸಿಪಾಯಿ ಊರಿನ ಮೇಲೆ ಬಿಟ್ಟಿದ್ದ ಬೆಂಕಿ ಬಾಣವನ್ನ ವಾಪಸ್ ಕರೆದ. ಒಳಗೆ ಮಕ್ಕಳು ಇದ್ರಂತೆ. "ಅದಕ್ಕೆ ಸೋತೆ ದೊಡ್ಡಮ್ಮ" ಅಂತ ಮುಖ ಸಣ್ಣ ಮಾಡ್ಕೊಂಡ.

ಸೋತಿಲ್ಲ ಬಾರೋ ಅಂತ ಒಂದು ಹೋಳಿಗೆ ಜಾಸ್ತಿ ಹಾಕ್ದೆ.