ವಿಮಾನ ತಡವರಿಸಿದರೆ ಕಾರ್ಡ್ ಬದಲಿಸಬೇಕಾ?

ಕಂಪ್ಯೂಟರ್‌ಗೆ ಫ್ಲೈಟ್ ಸಿಮ್ಯುಲೇಟರ್ ಹಾಕಿಕೊಂಡವರಿಗೆ ಮೊದಲ ವಾರ ಖುಷಿ, ಎರಡನೇ ವಾರ ಕಿರಿಕಿರಿ. ಮೋಡದ ಮೇಲೆ ಇರೋವರೆಗೂ ಎಲ್ಲಾ ಬೆಣ್ಣೆ ಥರ ಸಾಗುತ್ತೆ. ರನ್‌ವೇ ಹತ್ತಿರ ಬಂತು, ಇನ್ನೇನು ಚಕ್ರ ನೆಲ ಮುಟ್ಟಬೇಕು ಅನ್ನೋ ಹೊತ್ತಿಗೆ ಪರದೆ ತಡವರಿಸುತ್ತೆ, ವಿಮಾನ ಎತ್ತಿ ಕುಕ್ಕಿದ ಹಾಗೆ ಇಳಿಯುತ್ತೆ. ಆಮೇಲೆ ಶುರು, ರಾತ್ರಿಯೆಲ್ಲ ಯೂಟ್ಯೂಬ್, ಹೊಸ ಗ್ರಾಫಿಕ್ಸ್ ಕಾರ್ಡ್ ಹುಡುಕಾಟ, ಇಎಂಐ ಲೆಕ್ಕ. 50 ಸಾವಿರ ರೂಪಾಯಿ ದಾಟುವ ಕಾರ್ಡನ್ನು ಕಾರ್ಟ್‌ಗೆ ಹಾಕಿಟ್ಟು ಸಂಬಳದ ದಿನಕ್ಕೆ ಕಾಯ್ತಾ ಇದ್ದೀರಾ? ಇದನ್ನು ಓದಿ ಮುಗಿಸೋ ತನಕ ಬಟನ್ ಒತ್ತಬೇಡಿ.

ಸಿಮ್ಯುಲೇಟರ್ ಉಳಿದ ಗೇಮ್‌ಗಳ ಹಾಗಲ್ಲ. ಓಡುವ, ಗುಂಡು ಹೊಡೆಯುವ ಆಟಗಳಲ್ಲಿ ಹೆಚ್ಚಿನ ಭಾರ ಚಿತ್ರ ಬಿಡಿಸುವ ಗ್ರಾಫಿಕ್ಸ್ ಕಾರ್ಡ್ ಮೇಲೆ. ಇಲ್ಲಿ ಹಾಗಿಲ್ಲ. ಮೈಕ್ರೋಸಾಫ್ಟ್ ಫ್ಲೈಟ್ ಸಿಮ್ಯುಲೇಟರ್‌ನ 2020 ಮತ್ತು 2024ರ ಆವೃತ್ತಿಗಳನ್ನೇ ತಗೊಳ್ಳಿ. ಇಡೀ ಭೂಮಿಯ ನಕ್ಷೆ ಇಂಟರ್ನೆಟ್‌ನಿಂದ ಹರಿದು ಬರ್ತಾ ಇರಬೇಕು. ರೆಕ್ಕೆ ಮೇಲೆ ಗಾಳಿ ಹೇಗೆ ಹರಿಯುತ್ತೆ, ಎಂಜಿನ್ ಏನು ಮಾಡ್ತಿದೆ, ಸುತ್ತ ಯಾವ ವಿಮಾನ ಹಾರ್ತಿದೆ, ಯಾವ ಕಟ್ಟಡ ಎಲ್ಲಿ ನಿಲ್ಲಬೇಕು ಅನ್ನೋ ಲೆಕ್ಕವೆಲ್ಲ ಪ್ರೊಸೆಸರ್‌ದು. ಈ ಲೆಕ್ಕದಲ್ಲಿ ಬಹುಪಾಲು ಒಂದೇ ಸಾಲಿನಲ್ಲಿ, ಒಂದಾದ ಮೇಲೊಂದು ಆಗುತ್ತೆ. ಆ ಸಾಲಿಗೆ ಮೇನ್ ಥ್ರೆಡ್ ಅಂತಾರೆ.

ಮದುವೆ ಮನೆ ಊಟ ನೆನಪಿಸಿಕೊಳ್ಳಿ. ಮೇನ್ ಥ್ರೆಡ್ ಅಂದ್ರೆ ಒಳಗೆ ಒಲೆ ಮುಂದೆ ನಿಂತಿರೋ ಅಡುಗೆ ಭಟ್ಟರು. ಗ್ರಾಫಿಕ್ಸ್ ಕಾರ್ಡ್ ಅಂದ್ರೆ ಪಂಕ್ತಿಯಲ್ಲಿ ಬಡಿಸುವವರು. ಸಾರು ಇನ್ನೂ ಕುದಿಯುತ್ತಾ ಇರುವಾಗ ಬಡಿಸೋಕೆ ಇನ್ನೂ ಹತ್ತು ಜನರನ್ನು ಕರೆಸಿದರೆ ಏನು ಬಂತು? ಬಕೆಟ್ ಹಿಡ್ಕೊಂಡು ಅಡುಗೆಮನೆ ಬಾಗಿಲಲ್ಲಿ ನಿಲ್ತಾರೆ ಅಷ್ಟೇ. ಭಟ್ಟರು ತಡ ಮಾಡುತ್ತಿರುವ ಕಂಪ್ಯೂಟರ್‌ಗೆ ದುಬಾರಿ ಕಾರ್ಡ್ ಹಾಕಿದರೂ ಕಥೆ ಅದೇ.

ತಡ ಆಗ್ತಿರೋದು ಯಾರಿಂದ ಅಂತ ಕಂಡುಹಿಡಿಯೋಕೆ ಒಂದು ರೂಪಾಯಿಯೂ ಬೇಡ. ಸೆಟ್ಟಿಂಗ್ಸ್‌ನಲ್ಲಿ ಡೆವಲಪರ್ ಮೋಡ್ ಆನ್ ಮಾಡಿ. ಪರದೆ ಮೇಲ್ಗಡೆ ಬರುವ ಮೆನುವಿನಲ್ಲಿ ಡಿಸ್‌ಪ್ಲೇ ಎಫ್‌ಪಿಎಸ್ ಆರಿಸಿ. ಮೂಲೆಯಲ್ಲಿ ಒಂದು ಪುಟ್ಟ ಚೌಕ ಬಂದು, ಸದ್ಯ ಮೇನ್ ಥ್ರೆಡ್‌ನಿಂದ ತಡವೋ ಜಿಪಿಯುನಿಂದ ತಡವೋ ಅಂತ ನೇರವಾಗಿ ಹೇಳುತ್ತೆ. ಬೇರೆ ಸಿಮ್ಯುಲೇಟರ್ ಇದ್ದರೆ ಇನ್ನೊಂದು ದಾರಿ ಇದೆ. ರೆಸಲ್ಯೂಷನ್ ಅರ್ಧಕ್ಕೆ ಇಳಿಸಿ ನೋಡಿ. ಎಫ್‌ಪಿಎಸ್ ಜಿಗಿದರೆ ಕಾರ್ಡ್ ಸುಸ್ತಾಗಿದೆ ಅಂತ ಅರ್ಥ. ಇದ್ದಲ್ಲೇ ಇದ್ದರೆ ಪ್ರೊಸೆಸರ್ ಸುಸ್ತಾಗಿದೆ.

ಈ ಪರೀಕ್ಷೆಯನ್ನು 35 ಸಾವಿರ ಅಡಿ ಮೇಲೆ ಮಾಡಬೇಡಿ. ಅಲ್ಲಿ ಯಾವ ಕಂಪ್ಯೂಟರ್ರೂ ಪಾಸ್! ನಿಮಗೆ ತೊಂದರೆ ಕೊಡೋ ಜಾಗದಲ್ಲೇ ಮಾಡಿ. ಬೆಂಗಳೂರಿನ ದೇವನಹಳ್ಳಿಯೋ ಲಂಡನ್‌ನ ಹೀಥ್ರೂವೋ, ಇಳಿಯುವ ಮುಂಚಿನ 500 ಅಡಿ ಎತ್ತರದಲ್ಲಿ ನೋಡಿ. ಪ್ರತಿ ಸಲವೂ ಅದೇ ವಿಮಾನ, ಅದೇ ಹವಾಮಾನ, ಅದೇ ಸಮಯ ಇರಲಿ. ಒಂದು ಸಲಕ್ಕೆ ಒಂದೇ ಸ್ಲೈಡರ್ ಮುಟ್ಟಿ, ಫಲಿತಾಂಶ ಬರೆದಿಟ್ಟುಕೊಳ್ಳಿ. ಹತ್ತು ಸ್ಲೈಡರ್ ಒಟ್ಟಿಗೆ ಎಳೆದರೆ ಯಾವ ಮದ್ದು ನಾಟಿತು ಅಂತ ಗೊತ್ತೇ ಆಗಲ್ಲ.

ಮೇನ್ ಥ್ರೆಡ್ ಅಂತ ಬಂದರೆ ಮೊದಲು ಇಳಿಸಬೇಕಾದ್ದು ಟೆರೇನ್ ಲೆವೆಲ್ ಆಫ್ ಡಿಟೇಲ್. ದೂರದ ನೆಲವನ್ನು ಎಷ್ಟು ವಿವರವಾಗಿ ಕಟ್ಟಬೇಕು ಅನ್ನೋದನ್ನ ಅದು ತೀರ್ಮಾನಿಸುತ್ತೆ. 200ರಲ್ಲಿದ್ದರೆ 100ಕ್ಕೆ ತನ್ನಿ. ಆಮೇಲೆ ಆಬ್ಜೆಕ್ಟ್‌ಗಳ ವಿವರ. ಆಮೇಲೆ ಏರ್‌ಪೋರ್ಟ್‌ನಲ್ಲಿ ಓಡಾಡುವ ಗಾಡಿಗಳು, ನಿಂತಿರೋ ವಿಮಾನಗಳು, ರಸ್ತೆಯ ಟ್ರಾಫಿಕ್. ಕಾಕ್‌ಪಿಟ್ ಪರದೆಗಳ ರಿಫ್ರೆಶ್ ರೇಟ್ ಕೂಡ ಮಧ್ಯಮಕ್ಕೆ ಇಳಿಸಿ. ಜಿಪಿಯು ಅಂತ ಬಂದರೆ ಪಟ್ಟಿ ಬೇರೆ. ಮೋಡದ ಗುಣಮಟ್ಟ, ನೆರಳು, ರೆಂಡರ್ ಸ್ಕೇಲ್ ಇಳಿಸಿ, ಡಿಎಲ್‌ಎಸ್‌ಎಸ್ ಅಥವಾ ಎಫ್‌ಎಸ್‌ಆರ್ ಆನ್ ಮಾಡಿ. ಕಾರ್ಡ್‌ನ ಮೆಮೊರಿ ತುಂಬಿ ಹೋಗ್ತಿದ್ರೆ ಟೆಕ್ಸ್ಚರ್ ಒಂದು ಮೆಟ್ಟಿಲು ಇಳಿಸಿದರೆ ಸಾಕು.

ನಮ್ಮ ಆಫೀಸಿನ ಹುಡುಗನೊಬ್ಬ ಹೀಗೇ ಇಎಂಐ ಹಾಕಿಸಿಕೊಳ್ಳುವ ಹಂತಕ್ಕೆ ಬಂದಿದ್ದ. ಮನೇಲಿ ಅವನ ಅಪ್ಪ, "ಈಗಿರೋದಕ್ಕೆ ಏನಾಗಿದ್ಯೋ?" ಅಂತ ಕೇಳಿದ್ರಂತೆ. ಇವನ ಹತ್ತಿರ ಉತ್ತರ ಇರಲಿಲ್ಲ. ಲಂಚ್ ಟೈಮಲ್ಲಿ ಇದೇ ಪರೀಕ್ಷೆ ಹೇಳಿಕೊಟ್ಟೆ. ರಾತ್ರಿ ಸ್ಕ್ರೀನ್‌ಶಾಟ್ ಕಳಿಸಿದ, ಮೇನ್ ಥ್ರೆಡ್ ಅಂತ ಕೆಂಪಕ್ಷರದಲ್ಲಿ ಇತ್ತು. ಎರಡು ಸ್ಲೈಡರ್ ಇಳಿಸಿದ, ಟ್ರಾಫಿಕ್ ಕಡಿಮೆ ಮಾಡಿದ. ಕಾರ್ಡ್ ಇನ್ನೂ ಕಾರ್ಟ್‌ನಲ್ಲೇ ಇದೆ, ಹುಡುಗ ಆರಾಮಾಗಿ ಲ್ಯಾಂಡ್ ಮಾಡ್ತಿದ್ದಾನೆ.

ಇನ್ನೊಂದು ಮುಖ್ಯ ವಿಷಯ ಎಫ್‌ಪಿಎಸ್ ಅನ್ನೋ ಅಂಕಿಯದ್ದು. ಅದು ಜಾಸ್ತಿ ಇದ್ದಷ್ಟೂ ಒಳ್ಳೇದು ಅಂತ ನಂಬಿ ಕೂತಿದ್ದೀವಿ. ಸಿಟಿ ಬಸ್ ಸ್ಟಾಪ್‌ನಲ್ಲಿ ನಿಂತವರಿಗೆ ಇದರ ಕಥೆ ಗೊತ್ತು. ಹತ್ತು ನಿಮಿಷಕ್ಕೊಂದು ಬಸ್ ಬಂದರೆ ಗಂಟೆಗೆ ಆರು. ಮೂರು ಬಸ್ ಬೆನ್ನಿಗೆ ಬೆನ್ನು ಬಂದು, ಆಮೇಲೆ ಅರ್ಧ ಗಂಟೆ ಒಂದೂ ಬರದಿದ್ದರೂ ಲೆಕ್ಕಕ್ಕೆ ಗಂಟೆಗೆ ಆರೇ! ಸರಾಸರಿ ಒಂದೇ, ಕಾಯುವವರ ಪಾಡು ಬೇರೆ. ಪರದೆ ಮೇಲೂ ಹಾಗೇ. ಒಮ್ಮೆ 55, ಒಮ್ಮೆ 28 ಅಂತ ಕುಣಿಯೋದಕ್ಕಿಂತ ಅಲುಗಾಡದ 30 ಕಣ್ಣಿಗೆ ಹಿತ.

ಸಾಮಾನ್ಯ ಮಾನಿಟರ್ ಸೆಕೆಂಡಿಗೆ 60 ಸಲ ಚಿತ್ರ ಬದಲಿಸುತ್ತೆ. 30ಕ್ಕೆ ಲಾಕ್ ಮಾಡಿದರೆ ಪ್ರತಿ ಚಿತ್ರವೂ ಸರಿಯಾಗಿ ಎರಡು ಸರದಿ ನಿಲ್ಲುತ್ತೆ. 45 ಬಂದಾಗ ಕೆಲವು ಒಂದು ಸರದಿ, ಕೆಲವು ಎರಡು. ಆ ಏರುಪೇರನ್ನೇ ಕಣ್ಣು ತಡವರಿಕೆ ಅಂತ ಹಿಡಿಯೋದು. ಆದ್ದರಿಂದ ಇಳಿಯುವ ಹೊತ್ತಲ್ಲೂ ನಿಮ್ಮ ಕಂಪ್ಯೂಟರ್ 35ರಿಂದ 40 ಕೊಡ್ತಿದ್ರೆ, ವಿ-ಸಿಂಕ್ ಆನ್ ಮಾಡಿ 30ಕ್ಕೆ ಕಟ್ಟಿಹಾಕಿ. 120 ಹರ್ಟ್ಸ್ ಮಾನಿಟರ್ ಇದ್ದು, ಕಂಪ್ಯೂಟರ್‌ಗೆ ಶಕ್ತಿಯೂ ಇದ್ದರೆ 40 ಕೂಡ ಲೆಕ್ಕಕ್ಕೆ ಸರಿ ಹೋಗುತ್ತೆ, ಅಲ್ಲಿ ಪ್ರತಿ ಚಿತ್ರಕ್ಕೆ ಮೂರು ಸರದಿ.

ಕೆಲವು ಸಲ ತಪ್ಪು ಕಣ್ಣೆದುರೇ ಇರುತ್ತೆ. ಡೆಸ್ಕ್‌ಟಾಪ್‌ನಲ್ಲಿ ಮಾನಿಟರ್ ಕೇಬಲ್ ಕಾರ್ಡ್‌ಗೆ ಹೋಗೋ ಬದಲು ಮದರ್‌ಬೋರ್ಡ್‌ಗೆ ಸಿಕ್ಕಿಸಿರುತ್ತೆ. ಲ್ಯಾಪ್‌ಟಾಪ್ ಚಾರ್ಜರ್ ಇಲ್ಲದೆ, ಹಾಸಿಗೆ ಮೇಲೆ ಕೂತು ಬಿಸಿಯಾಗಿ ತಾನೇ ವೇಗ ಇಳಿಸಿಕೊಂಡಿರುತ್ತೆ. ಚಾರ್ಜರ್ ಹಾಕಿ, ಗಟ್ಟಿ ಮೇಜಿನ ಮೇಲಿಡಿ, ಫ್ಯಾನಿನ ಧೂಳು ತೆಗೆಸಿ. ನೆಲವೆಲ್ಲ ಕರಗಿದ ಐಸ್‌ಕ್ರೀಮ್ ಥರ ಮಸುಕಾಗಿ ಕಂಡರೆ ಕಾರ್ಡನ್ನು ಬೈಬೇಡಿ, ವೈಫೈ ನೋಡಿ. 2024ರ ಆವೃತ್ತಿಗೆ ಕನಿಷ್ಠ 10 ಎಂಬಿಪಿಎಸ್, ಆರಾಮಕ್ಕೆ 50 ಬೇಕು. ಹಾಲ್‌ನಲ್ಲಿ ಅಮ್ಮನ ಸೀರಿಯಲ್, ರೂಮಲ್ಲಿ ತಂಗಿಯ ವಿಡಿಯೊ ಕಾಲ್ ಎರಡೂ ಅದೇ ನೆಟ್‌ನಲ್ಲಿ ಹೋಗ್ತಿರುತ್ತೆ ಅಲ್ವಾ?

ಇಷ್ಟೆಲ್ಲ ಮಾಡಿಯೂ ದುಡ್ಡು ಹಾಕಲೇಬೇಕು ಅಂದ್ರೆ ಅಗ್ಗದಿಂದ ಶುರು ಮಾಡಿ. ಅದೇ 2024ರ ಆವೃತ್ತಿ ಕನಿಷ್ಠ 16 ಜಿಬಿ ರ‍್ಯಾಮ್ ಕೇಳುತ್ತೆ, 32 ಇದ್ದರೆ ಒಳ್ಳೇದು ಅನ್ನುತ್ತೆ. ಒಂದೇ ಕಡ್ಡಿ ರ‍್ಯಾಮ್ ಇದ್ದರೆ ಜೊತೆಗೆ ಅದೇ ಅಳತೆಯ ಇನ್ನೊಂದು ಹಾಕಿಸಿ. ಹಾರ್ಡ್ ಡಿಸ್ಕ್ ಇದ್ದರೆ ಎಸ್‌ಎಸ್‌ಡಿ ಹಾಕಿಸಿ. ಕಾರ್ಡ್‌ನ ಮಾತು ಇವೆಲ್ಲ ಆದ ಮೇಲೆ, ಅದೂ ಆ ಚೌಕ ಜಿಪಿಯು ಅಂತ ಹೇಳಿದರೆ ಮಾತ್ರ. ತೀರಾ ಹಳೇ ಕಂಪ್ಯೂಟರ್ ಆದರೆ ಅದನ್ನು ಹಿಂಸಿಸಬೇಡಿ. ಫ್ಲೈಟ್‌ಗೇರ್ ಅನ್ನೋ ಉಚಿತ, ಓಪನ್ ಸೋರ್ಸ್ ಸಿಮ್ಯುಲೇಟರ್ ಇದೆ. ಹಾರೋದನ್ನ ಕಲಿಯೋಕೆ ಅದೂ ಆಗುತ್ತೆ.

ಎಲ್ಲಾ ಸರಿಹೋದ ಮೇಲೆ ಆ ಎಫ್‌ಪಿಎಸ್ ಚೌಕವನ್ನು ಆಫ್ ಮಾಡಿಬಿಡಿ. ಅದು ಕಣ್ಣೆದುರು ಇದ್ದರೆ ನೀವು ವಿಮಾನ ಓಡಿಸಲ್ಲ, ಅಂಕಿ ಕಾಯ್ತೀರಿ. ಭಾನುವಾರ ಬೆಳಿಗ್ಗೆ ತಿಂಡಿ ಆದ ಮೇಲೆ ಅಪ್ಪನನ್ನೋ ಅಜ್ಜಿಯನ್ನೋ ಪಕ್ಕದಲ್ಲಿ ಕೂರಿಸಿಕೊಳ್ಳಿ. ಪುಟ್ಟ ಸೆಸ್ನಾ ತಗೊಂಡು ಅವರ ಊರಿನ ಮೇಲೆ ಹೋಗಿ. ಕೆರೆ ಯಾವುದು, ಶಾಲೆಗೆ ನಡೆದು ಹೋಗ್ತಿದ್ದ ದಾರಿ ಯಾವುದು ಅಂತ ಬೆರಳಿಟ್ಟು ತೋರಿಸ್ತಾರೆ. 30 ಎಫ್‌ಪಿಎಸ್ಸೋ 60ಓ ಅಂತ ಅವರು ಖಂಡಿತ ಕೇಳಲ್ಲ.